ಗೂಡಿನ ಹರಾಜು, ಹುಡುಗರ ಸರದಿ

ವಿಜಯಪುರ ಎಂದೊಡನೆ ಈಗ ಬಹುಮಂದಿಗೆ ಗೋಳಗುಮ್ಮಟ ನೆನಪಾಗುತ್ತದೆ. 2014ರಲ್ಲಿ ಬಿಜಾಪುರಕ್ಕೆ ಆ ಹೆಸರು ಬಂದ ಮೇಲೆ ನಾವು 'ದೇವನಹಳ್ಳಿ ತಾಲ್ಲೂಕಿನ ವಿಜಯಪುರ' ಎಂದು ಬಿಡಿಸಿ ಹೇಳಬೇಕಾಗಿದೆ. ನಮ್ಮೂರಿನ ಹೆಗ್ಗುರುತು ಗುಮ್ಮಟವಲ್ಲ, ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿ ಒಂದು ಬೆಳಗು ನಿಂತು ನೋಡಿದವರಿಗೆ ಸಂಖ್ಯಾಶಾಸ್ತ್ರದ ಅರ್ಧ ಪಾಠ ಪುಕ್ಕಟೆಯಾಗಿ ಸಿಗುತ್ತದೆ.

ರೈತ ತಂದು ಸುರಿದ ಗೂಡಿನ ಮುಂದೆ ನೂಲು ಬಿಚ್ಚಾಣಿಕೆದಾರ ನಿಲ್ಲುತ್ತಾನೆ. ಮೇಲಿನ ಗೂಡುಗಳನ್ನು ಅವನು ನಂಬುವುದಿಲ್ಲ. ಕೈಯನ್ನು ತಳದವರೆಗೆ ತೂರಿಸಿ ಒಂದು ಹಿಡಿ ತೆಗೆಯುತ್ತಾನೆ. ಹೆಬ್ಬೆರಳಿನಿಂದ ಒತ್ತಿ ಗಟ್ಟಿಯಿದೆಯೇ ಎಂದು ನೋಡುತ್ತಾನೆ, ಕಿವಿಯ ಬಳಿ ಅಲುಗಾಡಿಸಿ ಒಳಗಿನ ಕೋಶ ಬಲಿತಿದೆಯೇ ಎಂದು ಕೇಳಿಸಿಕೊಳ್ಳುತ್ತಾನೆ. ಕಲೆಯಾದವು, ಜೋಡಿ ಗೂಡುಗಳು, ಊಜಿ ನೊಣ ತೂತು ಕೊರೆದವು ಎಷ್ಟಿವೆ ಎಂದು ಕಣ್ಣಲ್ಲೇ ಲೆಕ್ಕ ಹಾಕುತ್ತಾನೆ. ಒಂದು ಮಿಶ್ರತಳಿ ಗೂಡಿನ ತೂಕ ಸುಮಾರು 1.8 ಗ್ರಾಂ ಎಂದು ಹಿಡಿದರೆ 50 ಕಿಲೋ ಲಾಟಿನಲ್ಲಿ ಇರುವುದು ಸುಮಾರು 28,000 ಗೂಡು. ಅವನು ನೋಡಿದ್ದು ಇಪ್ಪತ್ತೋ ಮೂವತ್ತೋ. ಅಷ್ಟರ ಮೇಲೆ ಬೆಲೆ ಕೂಗಬೇಕು. ಕಾಯಲು ಸಮಯವೂ ಇಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಸೀಳಿ ಹೊರಬಂದರೆ ನೂಲು ಹೋಯಿತು. ಈಗ ರಾಜ್ಯದ ಮಾರುಕಟ್ಟೆಗಳಿಗೆ ಇ-ಹರಾಜು ಬಂದಿದೆ. ಕೂಗು ನಿಂತಿದೆಯಾದರೂ ಹಿಡಿ ಗೂಡು ನೋಡಿ ಇಡೀ ಲಾಟನ್ನು ಅಳೆಯುವ ಕೆಲಸ ನಿಂತಿಲ್ಲ.

ವಿಜ್ಞಾನವೂ ಇಲ್ಲಿ ಕೆಲವು ಅಳತೆಗೋಲುಗಳನ್ನು ಕೊಟ್ಟಿದೆ. ಒಳಗಿನ ಕೋಶವನ್ನು ತೆಗೆದು ಹಾಕಿ ಬರಿಯ ಚಿಪ್ಪಿನ ತೂಕವನ್ನು ಇಡೀ ಗೂಡಿನ ತೂಕದಿಂದ ಭಾಗಿಸಿದರೆ ಚಿಪ್ಪಿನ ಪ್ರಮಾಣ ಸಿಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬುದು 'ರೆಂಡಿಟಾ'. ಈ ಎರಡನೆಯ ಸಂಖ್ಯೆಯ ಮಹತ್ವವೇನೆಂದರೆ ಅದು ಬೇಗ ತಿಳಿದುಬಿಡುತ್ತದೆ. ಇಂದು ಕೊಂಡ ಗೂಡು ಕೆಲವು ದಿನಗಳಲ್ಲಿ ಕುದಿನೀರಿನಲ್ಲಿ ಬಿಚ್ಚಿಕೊಂಡು ಕೊಂಡವನ ಊಹೆ ಸರಿಯೋ ತಪ್ಪೋ ಎಂದು ಹೇಳಿಬಿಡುತ್ತದೆ. ಮುಂದಿನ ವಾರ ಅವನ ಹೆಬ್ಬೆರಳು ಸ್ವಲ್ಪ ಹೆಚ್ಚು ಜಾಣವಾಗಿರುತ್ತದೆ.

ಗೂಡಿನ ಬದಲು ಹದಿನೆಂಟು, ಇಪ್ಪತ್ತು ವರ್ಷದ ಹುಡುಗರು ನಿಂತಿದ್ದರೆ? ಕ್ರೀಡಾ ಜಗತ್ತಿನಲ್ಲಿ ಈ ವ್ಯವಹಾರಕ್ಕೆ ಸುಮಾರು 90 ವರ್ಷಗಳ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿಗೇ ಸೇರಿದ್ದು.

ಕರಿಹಲಗೆಯ ಮೇಲೆ ತೊಂಬತ್ತು ಹೆಸರು

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಹೆಚ್ಚುಕಡಿಮೆ ರೇಷ್ಮೆಗೂಡಿನ ಆಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ ಅದು. ಅಲ್ಲಿ ಕಾಲೇಜು ತಂಡಗಳೇ ವೃತ್ತಿಪರ ತಂಡಗಳಿಗೆ ಆಟಗಾರರನ್ನು ಬೆಳೆಸಿಕೊಡುವ ಸಸಿಮಡಿಗಳು. 1930ರ ದಶಕದಲ್ಲಿ ಹಣವಂತ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಕೊಂಡುಬಿಡುತ್ತಿದ್ದವು, ಬಡ ತಂಡಗಳು ಸೋಲುತ್ತಲೇ ಇದ್ದವು. ಸೋಲುವ ತಂಡದ ಆಟ ನೋಡಲು ಜನ ಬಾರದೆ ಅದು ಇನ್ನಷ್ಟು ಬಡವಾಗುತ್ತಿತ್ತು. ಸೋಲಿನಲ್ಲಿ ಮುಳುಗಿದ್ದ ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್ 1935ರಲ್ಲಿ ಒಂದು ಉಪಾಯ ಸೂಚಿಸಿದ: ಕೊನೆಯ ಸ್ಥಾನದ ತಂಡ ಮೊದಲು ಆರಿಸಿಕೊಳ್ಳಲಿ, ಗೆದ್ದ ತಂಡ ಕೊನೆಗೆ ಆರಿಸಿಕೊಳ್ಳಲಿ. ಹೀಗೆ ಸರದಿಯ ಪ್ರಕಾರ ಆರಿಸುವ ಪದ್ಧತಿಗೆ ಅಲ್ಲಿ 'ಡ್ರಾಫ್ಟ್' ಎಂದು ಹೆಸರಾಯಿತು.

1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಸರದಿ ನಡೆಯಿತು. ಸುಮಾರು 90 ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯಲಾಗಿತ್ತು. 9 ತಂಡಗಳು 9 ಸುತ್ತುಗಳಲ್ಲಿ 81 ಮಂದಿಯನ್ನು ಆರಿಸಿದವು. ಆರಿಸಿದವರಲ್ಲಿ ಹೆಚ್ಚಿನವರು ಆ ಹುಡುಗರ ಆಟವನ್ನು ಕಣ್ಣಾರೆ ಕಂಡಿರಲಿಲ್ಲ, ಪತ್ರಿಕೆಯ ಕ್ರೀಡಾಪುಟವೇ ಅವರ ಪ್ರಯೋಗಾಲಯ. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎಂಬ ಹೆಸರಾಂತ ಆಟಗಾರ ಸಂಬಳ ಒಪ್ಪಿಗೆಯಾಗದೆ ವೃತ್ತಿಪರ ಆಟವನ್ನು ಆಡಲೇ ಇಲ್ಲ. ಆಯ್ಕೆಯ ವಿಜ್ಞಾನ ಶುರುವಾದದ್ದು ಹೀಗೆ!

ಕ್ರಿಕೆಟ್ ಮಾತ್ರ ಗೊತ್ತಿದ್ದ ಸಂಖ್ಯಾಶಾಸ್ತ್ರಜ್ಞ

ಮುಂದಿನ 25 ವರ್ಷಗಳಲ್ಲಿ ತಂಡಗಳು ಊರೂರು ಸುತ್ತಿ ಆಟ ನೋಡುವ ವೀಕ್ಷಕರನ್ನು ನೇಮಿಸಿಕೊಂಡವು. ಆಗ ಹೊಸ ತೊಂದರೆ ಹುಟ್ಟಿತು. ಒಬ್ಬ ವೀಕ್ಷಕನ 'ಪರವಾಗಿಲ್ಲ' ಇನ್ನೊಬ್ಬನ 'ಅತ್ಯುತ್ತಮ'ಕ್ಕೆ ಸಮ. ಉತ್ತರಪತ್ರಿಕೆ ತಿದ್ದುವ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದೇ ಪ್ರಶ್ನೆಯನ್ನು 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಐಬಿಎಂ ಕಂಪನಿಯ ಅಂಗಸಂಸ್ಥೆಯ ಮುಂದಿಟ್ಟ. ಅಲ್ಲಿ ಈ ಕೆಲಸ ವಹಿಸಿಕೊಂಡವರು ಭಾರತದಲ್ಲಿ ಹುಟ್ಟಿ ಬೆಳೆದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಶಿ. ಅವರಿಗೆ ಕ್ರಿಕೆಟ್ ಗೊತ್ತಿತ್ತು, ಕಾಲ್ಚೆಂಡು ಗೊತ್ತಿತ್ತು. ಅಮೆರಿಕದ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಅದೇ ಅವರ ದೊಡ್ಡ ಅರ್ಹತೆ. ಗೊತ್ತಿದ್ದವರಾದರೆ 'ಒಳ್ಳೆಯ ಆಟಗಾರ ಎಂದರೆ ಇಂಥವನು' ಎಂಬ ಸಿದ್ಧ ಉತ್ತರದಿಂದ ಶುರುಮಾಡುತ್ತಿದ್ದರು. ಖುರೇಶಿ ಪ್ರಶ್ನೆ ಕೇಳುವುದರಿಂದ ಶುರುಮಾಡಿದರು. ತರಬೇತುದಾರರು ಹೇಳಿದ ಗುಣಗಳ ಪಟ್ಟಿ ಸುಮಾರು 300ಕ್ಕೆ ಮುಟ್ಟಿತು. ಅವುಗಳಲ್ಲಿ ಅನೇಕವು ಒಂದೇ ಗುಣದ ಬೇರೆ ಬೇರೆ ಹೆಸರುಗಳು. ಜರಡಿ ಹಿಡಿದು ಪಟ್ಟಿಯನ್ನು 80ಕ್ಕೆ, ಕೊನೆಗೆ ಐದು ಗುಂಪಿಗೆ ಇಳಿಸಿದರು: ಶೀಲ, ಚುರುಕುತನ ಮತ್ತು ದೇಹದ ಹಿಡಿತ, ಛಲ, ಬುದ್ಧಿಯ ಎಚ್ಚರ, ಬಲ ಮತ್ತು ಸ್ಫೋಟಕ ವೇಗ. ವೀಕ್ಷಕರು ವಿಶೇಷಣಗಳನ್ನು ಬಿಟ್ಟು 1ರಿಂದ 9ರವರೆಗೆ ಅಂಕ ಕೊಡಬೇಕಾಯಿತು. ಯಾವ ವೀಕ್ಷಕ ಉದಾರಿ, ಯಾವನು ಜಿಪುಣ ಎಂಬುದನ್ನೂ ಗಣಕಯಂತ್ರ ಲೆಕ್ಕಕ್ಕೆ ತೆಗೆದುಕೊಂಡಿತು. ಇಂದು ನಮ್ಮ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಆಗುವ ಈ ಲೆಕ್ಕಕ್ಕೆ ಆಗ ವರ್ಷಗಳ ಶ್ರಮ ಬೇಕಾಯಿತು.

ಗಣಕ ಹೇಳಿದ್ದೆಲ್ಲ ಸರಿಯಾಯಿತೆಂದಲ್ಲ. ಆದರೆ ಆಯ್ಕೆಯ ಮಾತುಕತೆಯ ರೀತಿ ಬದಲಾಯಿತು. 'ನನಗೆ ಹಾಗನ್ನಿಸುತ್ತದೆ' ಎನ್ನುವವನು ಎಷ್ಟು ಸಲ ಹಾಗನ್ನಿಸಿ ತಪ್ಪಿದ್ದಾನೆ ಎಂದು ಕೇಳುವುದು ಸಾಧ್ಯವಾಯಿತು.

ಗಡಿಯಾರ ಹಿಡಿದವನ ಬೆರಳು

1982ರಿಂದ ಅಮೆರಿಕದಲ್ಲಿ ಆಯ್ಕೆಗೆ ಮೊದಲು ಹುಡುಗರನ್ನೆಲ್ಲ ಒಂದೆಡೆ ಸೇರಿಸಿ ಅಳೆಯುವ ಶಿಬಿರ ನಡೆಯತೊಡಗಿತು. ಎತ್ತರ, ತೂಕ, ಜಿಗಿತ, ಭಾರ ಎತ್ತುವಿಕೆ, 40 ಗಜ ಅಂದರೆ ಸುಮಾರು 36.6 ಮೀಟರ್ ಓಟ. ಬುದ್ಧಿಪರೀಕ್ಷೆಯೂ ಇತ್ತು, 12 ನಿಮಿಷದಲ್ಲಿ 50 ಪ್ರಶ್ನೆ. ಆಟಕ್ಕೂ ಅದಕ್ಕೂ ಇರುವ ನಂಟು ತೀರ ತೆಳುವೆಂಬ ಟೀಕೆ ಬಹುಕಾಲ ಕೇಳಿಬಂದು, 2022ರಲ್ಲಿ ಶಿಬಿರದಿಂದ ಅದನ್ನು ಕೈಬಿಡಲಾಯಿತು.

ಅಳತೆ ಇದೆ ಎಂದ ಮಾತ್ರಕ್ಕೆ ಜ್ಞಾನ ಇದೆ ಎಂದಲ್ಲ. ಕೈಗಡಿಯಾರದಿಂದ ಅಳೆದ ಓಟವನ್ನೇ ನೋಡಿ. ಪಿಸ್ತೂಲಿನ ಸದ್ದು ಅಥವಾ ಹೊಗೆ ಗ್ರಹಿಸಿ ಬೆರಳು ಗುಂಡಿ ಒತ್ತುವಷ್ಟರಲ್ಲಿ ಕಾಲ ಸರಿದಿರುತ್ತದೆ. 100 ಮೀಟರ್ ಓಟದಲ್ಲಿ ಕೈಯಿಂದ ಅಳೆದ ಕಾಲವನ್ನು ವಿದ್ಯುನ್ಮಾನ ಕಾಲಕ್ಕೆ ಹೋಲಿಸಲು ರೂಢಿಯಲ್ಲಿ 0.24 ಸೆಕೆಂಡು ಕೂಡಿಸುತ್ತಾರೆ. ಅದು ಸರಾಸರಿ ದೋಷ. ಒಬ್ಬೊಬ್ಬರ ಬೆರಳಿನ ಏರುಪೇರು ಬೇರೆ. ಹಲವು ವರ್ಷಗಳ ಹಿಂದೆ ನಾನೇ ಗಡಿಯಾರ ಹಿಡಿದು ಇಬ್ಬರು ಹುಡುಗರ ನಡುವೆ 0.1 ಸೆಕೆಂಡಿನ ಅಂತರ ಕಂಡು ಒಬ್ಬನನ್ನು ಮುಂದಿನ ಹಂತಕ್ಕೆ ಕಳಿಸಿ, ಇನ್ನೊಬ್ಬನನ್ನು ಮನೆಗೆ ಕಳಿಸಿದ್ದೆ. ಆ ಅಂತರ ಹುಡುಗರ ಕಾಲಿನದೋ ನನ್ನ ಬೆರಳಿನದೋ ಎಂಬ ಪ್ರಶ್ನೆ ಆ ದಿನ ನನಗೆ ಹೊಳೆದಿರಲಿಲ್ಲ. ಮನೆಗೆ ಹೋದ ಹುಡುಗ ಮತ್ತೆ ಓಟಕ್ಕೆ ಹೆಸರು ಕೊಡಲಿಲ್ಲ.

ವಯಸ್ಸಿನದು ಇನ್ನೊಂದು ಮೋಸ. ಒಂದೇ ತರಗತಿಯ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರ ಇರಬಹುದು. ಹನ್ನೆರಡರ ಪ್ರಾಯದಲ್ಲಿ ಅದು ದೊಡ್ಡ ಅಂತರ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಹುಟ್ಟಿದವರು ಎದ್ದುಕಾಣುವಷ್ಟು ಹೆಚ್ಚಿದ್ದಾರೆಂದು ರಾಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಅಲ್ಲಿ ವಯೋಗುಂಪಿನ ಲೆಕ್ಕ ಜನವರಿ 1ರಿಂದ. ನಾವು ಪ್ರತಿಭೆ ಎಂದುಕೊಂಡದ್ದರಲ್ಲಿ ಒಂದು ಪಾಲು ಜನ್ಮದಿನಾಂಕ! ನಮ್ಮಲ್ಲಿ 16ರೊಳಗಿನ ಕ್ರಿಕೆಟ್ ಆಟಗಾರರಿಗೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವ ಟ್ಯಾನರ್-ವೈಟ್‌ಹೌಸ್ ವಿಧಾನ ಬಳಕೆಯಲ್ಲಿದೆ. ಅದು ಸುಳ್ಳು ಜನನಪತ್ರವನ್ನು ಹಿಡಿಯಲು ಇರುವುದು. ತಿಂಗಳುಗಳ ಈ ಪಕ್ಷಪಾತಕ್ಕೆ ಅದು ಮದ್ದಲ್ಲ.

2008ರ ಮಾರ್ಚ್

ಈಗ ಬೆಂಗಳೂರಿನ ಕಥೆಗೆ ಬರೋಣ. ಐಪಿಎಲ್‌ನ ಮೊದಲ ಹರಾಜು 2008ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ನಡೆಯಿತು. ಅದರ ಗದ್ದಲದಲ್ಲಿ ಮಾರ್ಚಿನ ಇನ್ನೊಂದು ಸಣ್ಣ ಸಭೆ ಬಹುಮಂದಿಗೆ ಮರೆತೇ ಹೋಗಿದೆ. ಮಲೇಷ್ಯಾದಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದು ಬಂದ ಭಾರತದ ಹುಡುಗರಿಗೆ ಹರಾಜು ಇರಲಿಲ್ಲ. ಬೆಲೆ ಮೊದಲೇ ನಿಗದಿಯಾಗಿತ್ತು, ತಂಡಗಳು ಸರದಿಯಂತೆ ಆರಿಸಿಕೊಳ್ಳಬೇಕು. ಬರ್ಟ್ ಬೆಲ್ಲನ ಕರಿಹಲಗೆಯ ಸೋದರಸಂಬಂಧಿ ಎನ್ನಬಹುದು.

ಮೊದಲ ಸರದಿ ದೆಹಲಿಯದು. ಅವರ ಬಳಿ ಆಗಲೇ ಸೆಹ್ವಾಗ್, ಗಂಭೀರ್, ಡಿ ವಿಲಿಯರ್ಸ್, ದಿಲ್ಶಾನ್ ಇದ್ದರು. ಇನ್ನೊಬ್ಬ ಬ್ಯಾಟ್ಸ್‌ಮನ್ ಏಕೆ? ಅವರು ಎಡಗೈ ವೇಗದ ಬೌಲರ್ ಪ್ರದೀಪ್ ಸಂಗ್ವಾನ್‌ರನ್ನು ಆರಿಸಿದರು. ಎರಡನೆಯ ಸರದಿ ಬೆಂಗಳೂರಿನದು. ಅವರು ದೆಹಲಿಯ ಹುಡುಗ, ಆ ತಂಡದ ನಾಯಕ, ವಿರಾಟ್ ಕೊಹ್ಲಿಯನ್ನು ಕರೆದರು. ಜೊತೆಗೆ ವಿಕೆಟ್ ಕೀಪರ್ ಶ್ರೀವತ್ಸ ಗೋಸ್ವಾಮಿ ಬಂದರು. ಕರ್ನಾಟಕದ ಪರ ಆಡುವ ಮನೀಶ್ ಪಾಂಡೆ ಮುಂಬಯಿಯ ಪಾಲಾದರು. ಮರುವರ್ಷ ಬೆಂಗಳೂರಿಗೇ ಬಂದು, 2009ರ ಮೇ ತಿಂಗಳಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಎನಿಸಿದರು.

ಇಂದು ನಿಂತು ನೋಡಿದರೆ ದೆಹಲಿಯವರು ಮಹಾ ತಪ್ಪು ಮಾಡಿದಂತೆ ಕಾಣುತ್ತದೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಆದರೆ ಅಂದಿನ ಮಾಹಿತಿಯನ್ನು ಮಾತ್ರ ಮುಂದಿಟ್ಟುಕೊಂಡು ಲೆಕ್ಕ ಮಾಡಿ ನೋಡೋಣ. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ರನ್ ಗಳಿಸಿದವರು ಕೊಹ್ಲಿ ಅಲ್ಲ, ತನ್ಮಯ್ ಶ್ರೀವಾಸ್ತವ: 262 ರನ್, ಸರಾಸರಿ 52.4. ಕೊಹ್ಲಿಯದು 235 ರನ್, ಸರಾಸರಿ 47. ರನ್ನುಗಳ ಪಟ್ಟಿಯನ್ನೇ ನಂಬಿದರೆ ಶ್ರೀವಾಸ್ತವ ಮುಂದೆ. ಈ 5.4 ರನ್ನುಗಳ ಅಂತರಕ್ಕೆ ಎಷ್ಟು ಬೆಲೆ ಕೊಡಬೇಕು?

ಒಬ್ಬ ಬ್ಯಾಟ್ಸ್‌ಮನ್ನಿನ ಇನಿಂಗ್ಸುಗಳ ಮೊತ್ತ ಸುಮಾರಾಗಿ ಗುಣೋತ್ತರ ಶ್ರೇಢಿಯಂತೆ ಹರಡಿರುತ್ತದೆ ಎಂದು ಜಿ.ಎಚ್. ವುಡ್ 1945ರಲ್ಲೇ ಬರೆದಿದ್ದರು. ಸಣ್ಣ ಮೊತ್ತಗಳು ಬಹಳ, ಶತಕಗಳು ವಿರಳ. ಇಂಥ ಹಂಚಿಕೆಯಲ್ಲಿ ಮಾನಕ ವಿಚಲನೆ ಸರಾಸರಿಯಷ್ಟೇ ದೊಡ್ಡದಿರುತ್ತದೆ. ಅದನ್ನು 45 ರನ್ ಎಂದಿಟ್ಟುಕೊಳ್ಳಿ. 6 ಇನಿಂಗ್ಸುಗಳ ಸರಾಸರಿಯ ಮಾನಕ ದೋಷ 45ನ್ನು 6ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 18. ಇಬ್ಬರ ಸರಾಸರಿಗಳ ವ್ಯತ್ಯಾಸದ ಮಾನಕ ದೋಷ ಸುಮಾರು 26. ಅಳತೆಪಟ್ಟಿಯೇ 26 ರನ್ ಅಲ್ಲಾಡುತ್ತಿರುವಾಗ ಅದರ ಮೇಲೆ 5.4ನ್ನು ಓದಲು ಹೊರಟಂತೆ! 5.4 ರನ್ನುಗಳ ನಿಜ ವ್ಯತ್ಯಾಸವನ್ನು ಒಂದಿಷ್ಟು ಭರವಸೆಯಿಂದ ಗುರುತಿಸಲು, ಅಂದರೆ ಮಾನಕ ದೋಷವನ್ನು ಅದರ ಅರ್ಧಕ್ಕೆ ಇಳಿಸಲು, ಇಬ್ಬರೂ ಸುಮಾರು 550 ಇನಿಂಗ್ಸ್ ಆಡಬೇಕು. ಅಷ್ಟರಲ್ಲಿ ಬಹಳ ಮಂದಿ ಆಟಗಾರರು ನಿವೃತ್ತರಾಗಿರುತ್ತಾರೆ. (ವಿದ್ಯಾರ್ಥಿಗಳು ಈ 550ನ್ನು ತಾವೇ ಲೆಕ್ಕಹಾಕಿ ನೋಡಬಹುದು.)

ಮೊದಲ ವರ್ಷದ ಫಲಿತಾಂಶವೂ ಬೆಂಗಳೂರಿನ ಆಯ್ಕೆಯನ್ನು ಸಮರ್ಥಿಸಲಿಲ್ಲ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಐಪಿಎಲ್ ಪಂದ್ಯದಲ್ಲಿ ಕೊಹ್ಲಿ ಗಳಿಸಿದ್ದು 1 ರನ್. ಆ ವರ್ಷ 13 ಪಂದ್ಯಗಳಲ್ಲಿ 165 ರನ್, ಸರಾಸರಿ 15. 19ರೊಳಗಿನ ಉತ್ತಮ ಆಟಗಾರ ಎಂಬ ಬಹುಮಾನ ಅದೇ ತಂಡದ ಗೋಸ್ವಾಮಿಗೆ ಹೋಯಿತು. ದೆಹಲಿ ಸೆಮಿಫೈನಲ್ ತಲುಪಿದರೆ ಬೆಂಗಳೂರು ಎಂಟರಲ್ಲಿ ಏಳನೆಯದು. ಆ ವರ್ಷದ ಕೊನೆಗೆ ಯಾರಾದರೂ ಆಯ್ಕೆದಾರರಿಗೆ ಅಂಕ ಕೊಟ್ಟಿದ್ದರೆ ದೆಹಲಿಯವರೇ ಉತ್ತೀರ್ಣರು. ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಹೊಡೆದದ್ದು 2016ರಲ್ಲಿ, ಸರದಿ ನಡೆದ 8 ವರ್ಷಗಳ ಮೇಲೆ. ಬೆಂಗಳೂರಿಗೆ ಕಪ್ ಬಂದದ್ದು 2025ರ ಜೂನ್ 3ರಂದು. ಸಂಗ್ವಾನ್ 2022ರಲ್ಲೇ ಗುಜರಾತ್ ತಂಡದಲ್ಲಿದ್ದು ಕಪ್ ಗೆದ್ದಿದ್ದರು. ಶ್ರೀವಾಸ್ತವ ಭಾರತ ತಂಡಕ್ಕೆ ಆಡಲಿಲ್ಲ, 2025ರಲ್ಲಿ ಐಪಿಎಲ್‌ಗೆ ಮರಳಿದ್ದು ಅಂಪೈರ್ ಆಗಿ.

ಬೇಯದ ಗೂಡುಗಳು

ಆಯ್ಕೆದಾರರ ಜಾಣ್ಮೆಯನ್ನು ಅಳೆದ ಅಧ್ಯಯನಗಳೂ ಇವೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (ಇವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು) ಅಮೆರಿಕದ ಸರದಿಗಳ ದಾಖಲೆ ಜಾಲಾಡಿದರು. ಒಂದೇ ಸ್ಥಾನಕ್ಕೆ ಮೊದಲು ಆರಿಸಿದವನು ಅವನ ನಂತರ ಆರಿಸಿದವನಿಗಿಂತ ಉತ್ತಮನಾಗಿ ಹೊಮ್ಮುವ ಸಂಭಾವ್ಯತೆ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲು ಎಂದು ಅವರಿಗೆ ಕಂಡಿತು. ಆದರೂ ತಂಡಗಳು ಮೊದಲ ಸರದಿಗಾಗಿ ಕೊಡುತ್ತಿದ್ದ ಬೆಲೆ ವಿಪರೀತ. 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಸೂಪರ್ ಬೌಲ್ ಗೆದ್ದ. ಅವನ 40 ಗಜದ ಓಟ ಮಾತ್ರ ನಗು ಬರಿಸುವಷ್ಟು ನಿಧಾನ.

ಹಾಗಾದರೆ ಪರೀಕ್ಷೆಗಳೆಲ್ಲ ವ್ಯರ್ಥವೇ? ಹಾಗೆನ್ನುವುದೂ ಅವಸರ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 95ರ ಮೇಲೆ ಅಂಕ ಪಡೆದವರನ್ನು ಮಾತ್ರ ಸೇರಿಸಿಕೊಂಡ ಪಿಯು ತರಗತಿಯನ್ನು ಊಹಿಸಿ. ಅಲ್ಲಿ 96 ಪಡೆದವನು 98 ಪಡೆದವಳನ್ನು ಹಿಂದಿಕ್ಕುವುದು ಸಾಮಾನ್ಯ. ಅದನ್ನು ಕಂಡು 'ಎಸ್ಸೆಸ್ಸೆಲ್ಸಿ ಅಂಕಕ್ಕೆ ಅರ್ಥವೇ ಇಲ್ಲ' ಎಂದರೆ ತಪ್ಪು. 40 ಪಡೆದವರು ಆ ತರಗತಿಯಲ್ಲಿ ಇಲ್ಲವೇ ಇಲ್ಲ. ಜರಡಿಯಿಂದ ಇಳಿದವರ ನಡುವೆ ಜರಡಿಯ ಕಣ್ಣಿನ ಅಳತೆ ಹೆಚ್ಚೇನೂ ಹೇಳಲಾರದು. ಇದಕ್ಕೆ ವ್ಯಾಪ್ತಿಯ ಸಂಕೋಚನ ಎನ್ನುತ್ತಾರೆ. ಒರಟು ವಿಂಗಡಣೆಗೆ ಪರೀಕ್ಷೆ ಉಪಯುಕ್ತ. ಮೇಲ್ತುದಿಯವರಲ್ಲಿ ಒಂದನೆಯವರು ಯಾರು, ಏಳನೆಯವರು ಯಾರು ಎಂದು ಸಾಲಾಗಿ ನಿಲ್ಲಿಸಲು ಅದಕ್ಕೆ ಶಕ್ತಿಯಿಲ್ಲ.

ಇಲ್ಲಿಯೇ ಮಾರುಕಟ್ಟೆಯ ಗೂಡಿಗೂ ಹುಡುಗರಿಗೂ ಇರುವ ದೊಡ್ಡ ವ್ಯತ್ಯಾಸ. ನಾನು ಬಿಟ್ಟ ಲಾಟನ್ನು ಇನ್ನೊಬ್ಬ ಕೊಳ್ಳುತ್ತಾನೆ, ಅದೂ ಬೇಯುತ್ತದೆ, ನೂಲು ಬರುತ್ತದೆ. ನನ್ನ ತಪ್ಪು ಊರಿಗೇ ತಿಳಿಯುತ್ತದೆ. ಆರಿಸದೆ ಬಿಟ್ಟ ಹುಡುಗನ ಪರೀಕ್ಷೆ ನಡೆಯುವುದೇ ಇಲ್ಲ. ಆರಿಸಿದವನಿಗೆ ತರಬೇತಿ, ಆಹಾರ, ಒಳ್ಳೆಯ ಮೈದಾನ, ಸೋತಾಗ ಇನ್ನೊಂದು ಅವಕಾಶ. ಸರಾಸರಿ 15 ಇದ್ದ ವರ್ಷವೂ ಕೊಹ್ಲಿ ತಂಡದಲ್ಲಿ ಉಳಿದರು ಎಂಬುದನ್ನು ನೆನೆಯಿರಿ. ಆಮೇಲೆ ಅವನು ಚೆನ್ನಾಗಿ ಆಡಿದರೆ ನಮ್ಮ ಆಯ್ಕೆ ಸರಿಯಿತ್ತೆಂದು ಬೀಗುತ್ತೇವೆ. ಭವಿಷ್ಯ ನುಡಿದದ್ದೆಷ್ಟು, ಭವಿಷ್ಯ ಕಟ್ಟಿದ್ದೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ಇನ್ನೂ ಬಂದಿಲ್ಲ.

ಕರ್ನಾಟಕದಲ್ಲಿ ಈ ಪ್ರಯೋಗ ಮುಂದುವರಿದಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿ 2022ರಲ್ಲಿ ಶುರುವಾದಾಗ ಆಟಗಾರರನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಸರದಿಯ ಮೂಲಕವೇ ಆರು ತಂಡಗಳಿಗೆ ಹಂಚಲಾಯಿತು, ಮರುವರ್ಷದಿಂದ ಹರಾಜು ಬಂತು. ನಾಲ್ಕೇ ಅಕ್ಷರಗಳ ಒರಟು ವಿಂಗಡಣೆ ನನಗೆ ದಶಮಾಂಶದ ಅಂಕಗಳಿಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಿದೆ ಎಂದು ಅದು ನಟಿಸುವುದಿಲ್ಲ. 2024ರಲ್ಲಿ ಕ್ರಿಕೆಟ್ ಮಂಡಳಿಯ ಉತ್ಕೃಷ್ಟತಾ ಕೇಂದ್ರ ಕೆಂಪೇಗೌಡ ವಿಮಾನ ನಿಲ್ದಾಣದ ಬಳಿಗೆ, ನಮ್ಮೂರಿನಿಂದ ಬಹಳ ದೂರವಲ್ಲದ ಕಡೆಗೆ ಬಂದಿದೆ. ಹೊಸ ಕಾಲದ ಅಳತೆಯ ಉಪಕರಣಗಳಿಗೆ ಅಲ್ಲಿ ಕೊರತೆಯಿರಲಾರದು.

ನಮ್ಮ ಶಾಲೆಗಳ ಮೈದಾನದಲ್ಲಿ ಇರುವುದು ಒಂದು ಗಡಿಯಾರ ಮಾತ್ರ. ಅದರಿಂದಲೇ ಒಂದು ಪ್ರಯೋಗ ಮಾಡಬಹುದು. ಆರು ಮಕ್ಕಳ ಒಂದು ಓಟಕ್ಕೆ ಐದು ಮಂದಿ ಬೇರೆ ಬೇರೆಯಾಗಿ ಮೊಬೈಲಿನ ಗಡಿಯಾರ ಹಿಡಿದು, ಒಬ್ಬರಿಗೊಬ್ಬರು ತೋರಿಸದೆ, ಮೊದಲ ಮೂವರ ಕಾಲ ಬರೆದುಕೊಳ್ಳಿ. ನಂತರ ಐದು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಇದನ್ನು ಮಾಡಿದಾಗ ಎರಡನೆಯ ಸ್ಥಾನ ಯಾರದೆಂಬುದರಲ್ಲಿ ಐದು ಹಾಳೆಗಳಿಗೆ ಒಮ್ಮತವಿರಲಿಲ್ಲ. ಮಕ್ಕಳು ನಕ್ಕರು, ಓಡಿದವರಲ್ಲಿ ಒಬ್ಬಳು ಮಾತ್ರ ನಗದೆ ಇನ್ನೊಮ್ಮೆ ಓಡಿಸಿ ಎಂದಳು. ಓಡಿಸಿದೆವು.